ಮೈಸೂರು ಪ್ರವಾಸ: ಹೆಣ್ಣುಮಕ್ಕಳೇ ಹೊರಡುವುದಾದರೆ

ಗಂಡಸರ ಜತೆಯಿಲ್ಲದೆ ಅಕ್ಕನೂ ನಾನೂ ಮೈಸೂರಿಗೆ ಹೋಗುವುದೆಂದು ನಿಶ್ಚಯಿಸಿದಾಗ ಮನೆಯ ಹಿರಿಯರು 2021ರ ಆಗಸ್ಟ್ ತಿಂಗಳನ್ನು ನೆನಪಿಸಿದರು. ಮೈಸೂರಿನ ವಿದ್ಯಾರಣ್ಯಪುರಂನ ಚಿನ್ನದಂಗಡಿಯೊಂದರಲ್ಲಿ ದರೋಡೆಕೋರರು ಹಾರಿಸಿದ ಗುಂಡಿಗೆ ಯುವಕನೊಬ್ಬ ಬಲಿಯಾದ ಮರುದಿನವೇ, ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಬಳಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿತ್ತು. ಅದನ್ನು ಮರೆತು ಹೊರಡಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಇಡೀ ಊರಿಗೇ ಹೆದರಿ ಕೂತರೆ, ನಿಜವಾಗಿ ಎಚ್ಚರ ಬೇಕಾದ ಜಾಗ ಯಾವುದೆಂಬುದೇ ತಿಳಿಯದೆ ಹೋಗುತ್ತದೆ.

ಅರಮನೆ, ಕೆ.ಆರ್. ವೃತ್ತ, ದೇವರಾಜ ಮಾರುಕಟ್ಟೆಗಳ ಸುತ್ತ ಕತ್ತಲಾದ ಮೇಲೂ ಜನರಿರುತ್ತಾರೆ. ಭಾನುವಾರ ಸಂಜೆ ದೀಪಾಲಂಕಾರ ನೋಡಿ ಹೊರಬಂದಾಗ, ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಜತೆಯಲ್ಲೇ ನಗರ ಬಸ್ ನಿಲ್ದಾಣದವರೆಗೆ ನಡೆದುಹೋದೆವು. ಇಲ್ಲಿ ಕಾಪಾಡಿಕೊಳ್ಳಬೇಕಾದದ್ದು ಪರ್ಸು ಮತ್ತು ಮೊಬೈಲುಗಳನ್ನು. ಮಾರುಕಟ್ಟೆಯಲ್ಲಿ ಮಲ್ಲಿಗೆ ಅಳೆದು ಕೊಡುತ್ತಿದ್ದ ಅಜ್ಜಿಯೊಬ್ಬರು ಮೊಳ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿ, “ಬ್ಯಾಗು ಮುಂದಕ್ಕೆ ಹಾಕ್ಕೊಳವ್ವ” ಎಂದು ಅಕ್ಕನಿಗೆ ಹೇಳಿದರು. ಅರಮನೆ ಈಗ ಮುಚ್ಚಿದೆ, ಅಷ್ಟರಲ್ಲಿ ಅಗರಬತ್ತಿ ಅಂಗಡಿ ತೋರಿಸುತ್ತೇನೆ ಎನ್ನುವ ಆಟೋದವರ ಮಾತನ್ನು ನಂಬದೆ ನೇರವಾಗಿ ಟಿಕೆಟ್ ಕೌಂಟರಿಗೇ ಹೋಗಿ.

ಬೆಟ್ಟದ ವಿಚಾರ ಬೇರೆ. ಸಾವಿರಕ್ಕೂ ಹೆಚ್ಚಿರುವ ಮೆಟ್ಟಿಲುಗಳನ್ನು ಹತ್ತುವ ಆಸೆಯಿದ್ದರೆ ಬೆಳಗ್ಗೆಯೇ ಹತ್ತಿ. ಆ ಹೊತ್ತಿಗೆ ಊರಿನವರೇ ವ್ಯಾಯಾಮಕ್ಕೂ ಹರಕೆಗೂ ಹತ್ತುತ್ತಿರುತ್ತಾರೆ, ನಂದಿಯ ಬಳಿ ಕುಳಿತು ದಣಿವಾರಿಸಿಕೊಳ್ಳುವುದಕ್ಕೂ ಅಂಜಿಕೆಯಿರುವುದಿಲ್ಲ. ಸಂಜೆ ಹೋದವರು ಮಾತ್ರ ಬಸ್ಸಿನಲ್ಲೇ ಇಳಿಯಿರಿ. ತಪ್ಪಲಿನಿಂದ ವರ್ತುಲ ರಸ್ತೆಯ ಕಡೆಗೆ ಬಡಾವಣೆಗಳೇನೋ ಆಗಿವೆ, ಆದರೆ ಎಷ್ಟೋ ಕಡೆ ಮನೆಗಳು ಎದ್ದಿಲ್ಲ. ಸೈಟಿನ ಕಲ್ಲುಗಳ ನಡುವೆ ಆಳೆತ್ತರದ ಪೊದೆ ಬೆಳೆದಿದ್ದು, ಒಂದು ದೀಪದ ಕಂಬ ದಾಟಿದರೆ ಇನ್ನೊಂದು ಬಹಳ ದೂರವಿರುತ್ತದೆ. ಸೂರ್ಯಾಸ್ತದ ಫೋಟೋಕ್ಕೆಂದು ಅಂಥಲ್ಲಿ ಗಾಡಿ ನಿಲ್ಲಿಸಬೇಡಿ, ಜತೆಯಲ್ಲಿ ಗೆಳೆಯನಿದ್ದರೂ ನಿಲ್ಲಿಸಬೇಡಿ. 2021ರಲ್ಲಿ ಆ ಹುಡುಗಿಯ ಜತೆಗೂ ಗೆಳೆಯನಿದ್ದ.

ಆ ಘಟನೆಯ ನಂತರ ಸಂಜೆ ಆರೂವರೆಯ ಮೇಲೆ ತನ್ನ ಆವರಣವಾದ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಇರಬಾರದೆಂದು ಮೈಸೂರು ವಿಶ್ವವಿದ್ಯಾನಿಲಯ ಹೊರಡಿಸಿದ್ದ ಸುತ್ತೋಲೆ, ಟೀಕೆಗಳು ಬಂದ ಮೇಲೆ ಹಿಂದಕ್ಕೆ ಹೋಯಿತು. ಹಾಗೆ ಆದದ್ದೇ ಸರಿ. ನಾನಿಲ್ಲಿ ಹೇಳುತ್ತಿರುವ ಎಚ್ಚರಿಕೆಗಳು ಪ್ರವಾಸಿಗರ ಕೈಯಲ್ಲಿರುವ ಉಪಾಯಗಳಷ್ಟೇ. ದೀಪ ಹಾಕಿಸುವ, ಗಸ್ತು ತಿರುಗುವ ಹೊಣೆ ಹೊತ್ತವರು ಅದನ್ನು ಹೆಣ್ಣುಮಕ್ಕಳ ತಲೆಗೆ ದಾಟಿಸುವಂತಿಲ್ಲ.

ತಂಗುವುದಕ್ಕೆ ರೈಲು ನಿಲ್ದಾಣಕ್ಕೆ ಹತ್ತಿರವಿರುವ ಧನ್ವಂತರಿ ರಸ್ತೆಯಂಥ, ಅಂಗಡಿ ಹೋಟೆಲುಗಳಿರುವ ಬೀದಿಯನ್ನೇ ಆರಿಸಿಕೊಳ್ಳಿ; ಬಾಡಿಗೆ ಕಡಿಮೆಯೆಂದು ಊರಾಚೆಯ ಹೋಂಸ್ಟೇಗೆ ಹೋದರೆ ರಾತ್ರಿ ಊಟಕ್ಕೂ ಆಟೋ ಹುಡುಕಬೇಕಾಗುತ್ತದೆ. ತಡವಾಗಿ ಬಂದಿಳಿಯುವವರು ಆಟೋ ಹತ್ತುವ ಮೊದಲು ಅದರ ನಂಬರ್ ಪ್ಲೇಟಿನ ಫೋಟೋ ತೆಗೆದು ಮನೆಗೆ ಕಳುಹಿಸಿ, ಫೋಟೋ ತೆಗೆಯುವುದು ಚಾಲಕನಿಗೆ ಕಾಣುವಂತೆಯೇ ಇರಲಿ. ತುರ್ತಿಗೆ 112, ರೈಲಿನಲ್ಲಿದ್ದಾಗ 139, ಮಹಿಳಾ ಸಹಾಯವಾಣಿ 181. ಈ ಮೂರನ್ನೂ ಹೊರಡುವ ಮುನ್ನವೇ ಫೋನಿನಲ್ಲಿ ಉಳಿಸಿಕೊಳ್ಳಿ.