ಮಾವನ ಕಣ್ಣು, ರಕ್ತದ ಕಬ್ಬಿಣ

2021ರ ಮೇ ತಿಂಗಳಲ್ಲಿ ನನ್ನ ಸೋದರಮಾವನ ಎಡಗಣ್ಣನ್ನು ತೆಗೆದರು. ಕೋವಿಡ್ ಗೆದ್ದು ಮನೆಗೆ ಬಂದು ಹತ್ತು ದಿನವೂ ಆಗಿರಲಿಲ್ಲ. ಮೊದಲು ಕೆನ್ನೆ ಜೋಮು ಹಿಡಿಯಿತು, ಆಮೇಲೆ ಮೂಗಿನಿಂದ ಕಪ್ಪು ಸ್ರಾವ, ಮೂರನೆಯ ದಿನ ರೆಪ್ಪೆ ಇಳಿಬಿತ್ತು. ಮ್ಯೂಕರ್‌ಮೈಕೋಸಿಸ್. ಪತ್ರಿಕೆಗಳು ಕಪ್ಪು ಶಿಲೀಂಧ್ರ ಎಂದು ಕರೆದ ರೋಗ.

ನಾನು ಪ್ರಯೋಗಾಲಯ ತಂತ್ರಜ್ಞೆ. ಅಗಲವಾದ, ರಿಬ್ಬನ್ನಿನಂತೆ ಮಡಚಿಕೊಂಡ ಆ ಎಳೆಗಳನ್ನು ಆ ತಿಂಗಳು ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ನೋಡಿದೆ. ಆದರೆ ಮಾವನನ್ನು ಕಣ್ಣಿಗಿಂತ ಹೆಚ್ಚು ಕೊರೆದದ್ದು ಯಾರೋ ಆಡಿದ ಮಾತು: "ಕೊಳಕಿನಿಂದ ಬರುತ್ತದಂತೆ." ಬೆಳಗಿನ ಐದಕ್ಕೆ ಸ್ನಾನ ಮುಗಿಸಿ ಮಡಿಪಂಚೆ ಉಡುವ ಮನುಷ್ಯ ಅವರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ರೋಗವನ್ನು ಹೆಚ್ಚಾಗಿ ತರುವುದು ಹಳೆಯ ಬ್ರೆಡ್ಡಿಗೆ ಬೂಷ್ಟು ಹಿಡಿಸುವ ರೈಜೋಪಸ್. ಅದರ ಬೀಜಕಣಗಳು ಗಾಳಿಯಲ್ಲೆಲ್ಲ ಇವೆ. ಮಡಿಯವರೂ ಮೈಲಿಗೆಯವರೂ ದಿನವೂ ಉಸಿರಾಡುತ್ತಾರೆ. ಆ ಬೂಷ್ಟು ನಮ್ಮೊಳಗೆ ಬೆಳೆಯದಿರಲು ಒಂದು ದೊಡ್ಡ ಕಾರಣ, ಅದಕ್ಕೆ ಕಬ್ಬಿಣ ಸಿಗದಿರುವುದು. ನಮ್ಮ ಮೈಯಲ್ಲಿ ಮೂರ್ನಾಲ್ಕು ಗ್ರಾಂ ಕಬ್ಬಿಣವಿದ್ದರೂ ಬಿಡಿಯಾಗಿ ಇರುವುದು ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಒಂದೊಂದು ಅಣುವೂ ಎರಡೆರಡು ಕಬ್ಬಿಣದ ಅಯಾನುಗಳನ್ನು ಹಿಡಿದುಕೊಳ್ಳಬಲ್ಲದು. ಸಾಮಾನ್ಯವಾಗಿ ಆ ಜಾಗಗಳಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿರುತ್ತದೆ. ಉಳಿದವು ಖಾಲಿ ಕೈ ಚಾಚಿಕೊಂಡೇ ಇರುತ್ತವೆ.

ಇದು ಮೊದಲು ಗೊತ್ತಾದದ್ದು ಕೋಳಿಮೊಟ್ಟೆಯಿಂದ. 1944ರಲ್ಲಿ ಶೇಡ್ ಮತ್ತು ಕ್ಯಾರೊಲೈನ್ ಎಂಬ ಅಮೆರಿಕದ ಸಂಶೋಧಕರು ಹಸಿ ಬಿಳಿಲೋಳೆಯಲ್ಲಿ ಬ್ಯಾಕ್ಟೀರಿಯಾಗಳಷ್ಟೇ ಅಲ್ಲ, ಶಿಲೀಂಧ್ರವೇ ಆದ ಯೀಸ್ಟ್ ಕೂಡ ಬೆಳೆಯದಿರುವುದನ್ನು ಕಂಡರು. ಕಬ್ಬಿಣ ಬೆರೆಸಿದಾಗ ಬೆಳೆಯಿತು! ಎರಡು ವರ್ಷಗಳ ನಂತರ ಬಿಳಿಲೋಳೆಯಲ್ಲಿರುವಂತೆ ಮನುಷ್ಯನ ರಕ್ತದಲ್ಲೂ ಕಬ್ಬಿಣ ಹಿಡಿಯುವ ಪ್ರೋಟೀನ್ ಇದೆಯೆಂದು ತೋರಿಸಿದರು. ಇಷ್ಟು ಸರಳವಾದ, ಇಷ್ಟು ಚೆಂದದ ಪ್ರಯೋಗ ನನಗೆ ಇನ್ನೊಂದು ಗೊತ್ತಿಲ್ಲ.

ಮಾವನಿಗೆ ಹಳೆಯ ಸಕ್ಕರೆ ಕಾಯಿಲೆ. ಕೋವಿಡ್‌ಗೆ ಕೊಟ್ಟ ಸ್ಟೆರಾಯ್ಡ್‌ನಿಂದ ಸಕ್ಕರೆ ಏರಿತು, ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿದವು. ರಕ್ತ ಆಮ್ಲೀಯವಾದಾಗ ಟ್ರಾನ್ಸ್‌ಫೆರಿನ್‌ನ ಹಿಡಿತ ಸಡಿಲುತ್ತದೆ, ಕಬ್ಬಿಣ ಕೈಜಾರುತ್ತದೆ. ರೈಜೋಪಸ್ ಕಾಯುತ್ತಿದ್ದುದು ಅದಕ್ಕೇ. 1980ರ ದಶಕದಲ್ಲಿ ಡೆಫೆರಾಕ್ಸಮೈನ್ ಪಡೆಯುತ್ತಿದ್ದ ಡಯಾಲಿಸಿಸ್ ರೋಗಿಗಳಲ್ಲೂ ಈ ರೋಗ ಕಾಣಿಸಿಕೊಂಡಿತ್ತು. ಆ ಔಷಧಿ ಕಬ್ಬಿಣವನ್ನು ಹಿಡಿಯುತ್ತದೆ, ನಿಜ. ಆದರೆ ಹಿಡಿದದ್ದನ್ನು ರೈಜೋಪಸ್ ಅದರಿಂದಲೇ ಕಸಿದುಕೊಳ್ಳುತ್ತದೆ. ಯಾರು ಹಿಡಿದಿದ್ದಾರೆ ಎಂಬುದೂ ಮುಖ್ಯ.

ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ಪ್ರೋಟೀನ್ ಆಮ್ಲದಲ್ಲೂ ಪಟ್ಟು ಬಿಡುವುದಿಲ್ಲ. ಕಣ್ಣೀರು, ಜೊಲ್ಲು, ತಾಯಿಯ ಮೊದಲ ಹಾಲು, ಬಿಳಿ ರಕ್ತಕಣಗಳು, ಎಲ್ಲೆಡೆ ಅದರ ಕಾವಲಿದೆ. ಆದರೆ ಏರಿದ ಸಕ್ಕರೆ ಮತ್ತು ಸ್ಟೆರಾಯ್ಡ್ ಆ ಬಿಳಿ ಕಣಗಳನ್ನೇ ಮಂಕಾಗಿಸುತ್ತವೆ. ಗಿಣ್ಣುಹಾಲಿನಲ್ಲೂ ಅದು ಇದೆಯೆಂದು ಕೇಳಿ ಅತ್ತೆ ಗಿಣ್ಣು ಕಾಯಿಸಿ ತಂದಿದ್ದರು. ತಿನ್ನಲಿ, ಆದರೆ ಅದು ಮದ್ದಲ್ಲ ಎಂದೆ. ಮದ್ದು ಆಂಫೊಟೆರಿಸಿನ್, ಅದಕ್ಕಾಗಿ ನಾವು ನಾಲ್ಕು ದಿನ ಅಲೆದಿದ್ದೆವು.

ಎಲ್ಲ ಕೇಳಿಸಿಕೊಂಡು ಮಾವ ಬಹಳ ಹೊತ್ತು ಸುಮ್ಮನಿದ್ದರು. "ಹಾಗಾದರೆ ನಾನು ಕೊಳಕು ಮಾಡಿಕೊಂಡದ್ದಲ್ಲ" ಎಂದರು. ಅಲ್ಲ ಮಾವ, ಅಲ್ಲವೇ ಅಲ್ಲ. ಆಮೇಲೆ, "ರಾಗಿಯಲ್ಲಿ ಕಬ್ಬಿಣ ಇದೆಯಲ್ಲ, ಮುದ್ದೆ ಬಿಡಬೇಕೇ?" ಎಂದು ಕೇಳಿದರು. ಮುದ್ದೆ ಬಿಡಬೇಡಿ, ಇನ್ಸುಲಿನ್ ಬಿಡಬೇಡಿ ಎಂದೆ. ನಿನ್ನೆ ರಾತ್ರಿ ಊಟಕ್ಕೆ ಕೂರುವ ಮೊದಲು ಬೆರಳು ಚುಚ್ಚಿಕೊಂಡು ಯಂತ್ರವನ್ನು ನನ್ನತ್ತ ಹಿಡಿದರು: 118.