ಸಾವಿರ ಚಂದ್ರ, ತೊಂಬತ್ತಾರು ಪೊಟ್ಟಣ

ಏಪ್ರಿಲ್ 13

ಅಪ್ಪಯ್ಯನ ಸಹಸ್ರಚಂದ್ರ ಶಾಂತಿ ಮೇ ಕೊನೆಗೆ, ಸಾಗರದ ಮನೆಯಲ್ಲೇ ಎಂದು ಅಣ್ಣನ ಫೋನು. ಅಡುಗೆಯವರು, ಪುರೋಹಿತರು, ಚಪ್ಪರ ಎಲ್ಲ ಅವನೇ ನೋಡಿಕೊಳ್ಳುತ್ತಾನಂತೆ. ನನಗೆ ಬಿಟ್ಟದ್ದು ಎರಡು: ಅಂಗಳದ ಅಲಂಕಾರ, ಮತ್ತೆ ಬಂದವರ ಕೈಗೆ ತಾಂಬೂಲದ ಜೊತೆ ಕೊಡುವುದಕ್ಕೆ "ಏನಾದರೂ ಚೂರು". ಪ್ಲಾಸ್ಟಿಕ್ ಕೊಟ್ಟೆ ಬೇಡ, ಸ್ಟೀಲ್ ಬಟ್ಟಲು ಬೇಡ, ಎಲ್ಲರ ಮನೆಯಲ್ಲೂ ಅಟ್ಟದ ತುಂಬ ಅದೇ ಇದೆ ಎಂದು ಅವನ ಷರತ್ತು. 160 ಜನ.

ಮಗಳು ಪುಟ್ಟಿಗೂ ಅಕ್ಕನ ಮಗ ಮಾಣಿಗೂ ರಜೆ ಶುರುವಾಗಿ ಎರಡೇ ದಿನ. ಆಗಲೇ ಮೊಬೈಲಿಗೆ ಜಗಳ. ಹೋದ ಬೇಸಿಗೆ ಕಾಗದದಲ್ಲಿ ಡೈನೋಸಾರ್ ಮಡಚಿದ್ದ ಹುಮ್ಮಸ್ಸು ಇನ್ನೂ ಇದೆ, ಹಾಗಾಗಿ ಈ ಸಲವೂ ಕಾಗದವೇ ಎಂದಾಯಿತು.

ಪುಟ್ಟಿಯ ಮೊದಲ ಸಲಹೆ, ಸಾವಿರ ಕಾಗದದ ಕೊಕ್ಕರೆ. ಹಿರೋಶಿಮಾದ ಸಡಾಕೊ ಸಸಾಕಿಯ ಕಥೆ ಅವಳಿಗೆ ಗೊತ್ತು: ಬಾಂಬ್ ಬಿದ್ದಾಗ ಎರಡು ವರ್ಷದ ಮಗು, 1955ರಲ್ಲಿ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಕೊಕ್ಕರೆ ಮಡಚುತ್ತ ಇದ್ದವಳು. ಒಂದು ಕೊಕ್ಕರೆಗೆ ನಮ್ಮ ಕೈಯಲ್ಲಿ ನಾಲ್ಕು ನಿಮಿಷ. ಸಾವಿರಕ್ಕೆ 66 ತಾಸಿಗೂ ಹೆಚ್ಚು. ಅದಕ್ಕಿಂತ ದೊಡ್ಡ ತಕರಾರು ಮಾಣಿಯದು: "ಅಜ್ಜ ನೋಡಿದ್ದು ಸಾವಿರ ಚಂದ್ರನ್ನ ಅಲ್ವಾ? ಕೊಕ್ಕರೆ ಎಂತಕ್ಕೆ?" ಎಂಟು ವರ್ಷದವನ ಮಾತಿಗೆ ನಾವಿಬ್ಬರೂ ಬಾಯಿ ಮುಚ್ಚಿದೆವು. ಸಾವಿರ ಚಂದ್ರ. ದುಂಡಗೆ ಕತ್ತರಿಸಿದರೆ ಆಯಿತು, ಮಡಿಕೆಯೂ ಬೇಡ.

ಏಪ್ರಿಲ್ 15

ಲೆಕ್ಕ ಹಾಕಿದೆವು. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಸಾವಿರಕ್ಕೆ 29,530 ದಿನ, ಅಂದರೆ 80 ವರ್ಷ 10 ತಿಂಗಳು. ಅಪ್ಪಯ್ಯ ಹುಟ್ಟಿದ್ದು 1944ರ ಜುಲೈ. ಮೇ ತಿಂಗಳಿಗೆ ಸರಿಯಾಗಿ ಕೂತಿತು. ಅತ್ತೆಯವರು ಅದನ್ನೇ ಬೆರಳಲ್ಲಿ ಎಣಿಸಿದರು: ವರ್ಷಕ್ಕೆ ಹನ್ನೆರಡರಂತೆ 80ಕ್ಕೆ 960, 19 ವರ್ಷಕ್ಕೆ 7 ಅಧಿಕಮಾಸದಂತೆ ಇನ್ನು 29, ಒಟ್ಟು 989, ಉಳಿದ ಹನ್ನೊಂದು 81ನೇ ವರ್ಷದಲ್ಲಿ. ಕ್ಯಾಲ್ಕುಲೇಟರ್ ಹಿಡಿದ ಪುಟ್ಟಿಗಿಂತ ಅವರೇ ಮೊದಲು ಮುಗಿಸಿದ್ದು.

ಕಾಗದ ಎಲ್ಲಿಂದ? ಅದೂ ಅತ್ತೆಯವರ ಕಡೆಯಿಂದಲೇ. ಮಂಚದ ಕೆಳಗಿನ ಟ್ರಂಕಿನಲ್ಲಿ ಬಂದ ಮದುವೆ ಕಾಗದಗಳನ್ನೆಲ್ಲ ಕೂಡಿಟ್ಟಿದ್ದಾರೆ. 71 ಇದ್ದವು. ಒಳ್ಳೆ ದಪ್ಪ ಕಾರ್ಡು, ಕೆನೆಬಣ್ಣ, ಹಳದಿ, ಕುಂಕುಮ ಬಣ್ಣ. ಒಂದು ಷರತ್ತು ಮಾತ್ರ, ಗಣಪತಿ, ಕುಲದೇವರ ಚಿತ್ರ ಇರುವ ಕಡೆ ಕತ್ತರಿ ತಾಗಬಾರದು. ಅವು ಬೇರೆ ಕಟ್ಟು. ಇನ್ನೆರಡು ಕಾಗದ ಅತ್ತೆಯವರು ತಾವೇ ಎತ್ತಿಟ್ಟುಕೊಂಡರು. ಯಾಕೆಂದು ಕೇಳಲಿಲ್ಲ.

ಏಪ್ರಿಲ್ 20

ಚಿಕ್ಕಪೇಟೆ ಮೆಟ್ರೊದಲ್ಲಿಳಿದು ಸುಲ್ತಾನ್‌ಪೇಟೆಗೆ ಹೋಗಿಬಂದೆ. ಇನ್ವಿಟೇಶನ್ ಅಂಗಡಿಗಳ ಸಾಲು, ಹಿಂದೆ ಕಾಗದದ ಗೋದಾಮುಗಳು. ದಪ್ಪನೆಯ ಐವರಿ ಕಾರ್ಡು (250 ಜಿಎಸ್‌ಎಮ್), 22 ಇಂಚು 28 ಇಂಚಿನದು, ನಾಲ್ಕು ಶೀಟು. ಎರಡು ಇಂಚಿನ ಸರ್ಕಲ್ ಪಂಚು ಒಂದು. ಚಂದ ಕಂಡಿತೆಂದು ಕ್ವಿಲ್ಲಿಂಗ್ ಪಟ್ಟಿಯ (ಸುತ್ತಿ ಸುತ್ತಿ ಹೂವು, ಹಕ್ಕಿ ಮಾಡುವ ಸಪೂರ ಕಾಗದ) ಪೊಟ್ಟಣವನ್ನೂ ತಂದೆ, ಅದು ಬೇಕಿರಲಿಲ್ಲ.

ಮೊದಲ ಕಾರ್ಡಿಗೇ ಗೊತ್ತಾದದ್ದು: ಪಂಚಿನ ಬಾಯಿ ಒಳಗೆ ದೂರ ಹೋಗುವುದಿಲ್ಲ, ಅಂಚಿನ ಪಕ್ಕದಲ್ಲಷ್ಟೇ ಕಚ್ಚುತ್ತದೆ. ಹಾಗಾಗಿ ಮೊದಲು ಎರಡೂಕಾಲು ಇಂಚಿನ ಪಟ್ಟಿ ಕತ್ತರಿಸಿ, ಆಮೇಲೆ ಪಂಚು. 5 ಇಂಚು 7 ಇಂಚಿನ ಒಂದು ಹಾಳೆಯಲ್ಲಿ ಆರು ಚಂದ್ರ. ಸಂಜೆಗೆ 140 ಆದವು, ನನ್ನ ಹೆಬ್ಬೆರಳು ಊದಿತು.

ಏಪ್ರಿಲ್ 27

ಎಣಿಕೆ 412. ಮಾಣಿ ಐವತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಪಟ್ಟಿಯಲ್ಲಿ ಗೀಟು ಎಳೆಯುವ ಗುಮಾಸ್ತ.

ಪಂಚು ದಪ್ಪ ಕಾರ್ಡಿಗೆ ಸಿಕ್ಕಿಹಾಕಿಕೊಳ್ಳತೊಡಗಿತು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕು ಪದರ ಮಡಚಿ ಹತ್ತು ಸಲ ಪಂಚ್ ಮಾಡಿದರೆ ಅಲಗು ಸ್ವಲ್ಪ ಹರಿತವಾಗುತ್ತದೆ. ಆಮೇಲೆ ಮೇಣದ ಕಾಗದವನ್ನು ಎರಡು ಮೂರು ಸಲ ಕಚ್ಚಿಸಿದರೆ ಸರಾಗ. ಜರಿ ಅಚ್ಚಿನ, ವೆಲ್ವೆಟ್ ಅಂಟಿಸಿದ ಕಾರ್ಡುಗಳನ್ನು ಮಾತ್ರ ಬಿಟ್ಟುಬಿಡಿ. ಎಷ್ಟು ಖರ್ಚು ಮಾಡಿ ಅಚ್ಚು ಹಾಕಿಸಿದ ಕಾಗದವೋ, ಅಷ್ಟು ಹಠ ಅದಕ್ಕೆ.

ನಾವು ಎಣಿಸದೆ ಸಿಕ್ಕಿದ್ದು ಅಕ್ಷರಗಳ ಸೊಗಸು. ಅಚ್ಚಿನ ಭಾಗ ದುಂಡಗೆ ಕತ್ತರಿಸಿಕೊಂಡು ಬಂದಾಗ ಒಂದು ಚಂದ್ರನ ಮೇಲೆ "ಸಕುಟುಂಬ ಸಪ", ಇನ್ನೊಂದರ ಮೇಲೆ "ರಿವಾರ ಸಮೇ". ಒಂದರಲ್ಲಿ ಬರೀ "ಚಿ|| ಸೌ||", ಹೆಸರೇ ಇಲ್ಲ. ಮೊದಲು ಅಕ್ಷರ ಇರುವ ಕಡೆ ಹಿಂದೆ ಬಿಳಿ ಕಾಗದ ಅಂಟಿಸೋಣ ಎಂದಿದ್ದೆ. ಈಗ ಬೇಡ. ಬಂದ ನೆಂಟರು ಓದಿಕೊಳ್ಳಲಿ.

ಮೇ 1

ಕ್ವಿಲ್ಲಿಂಗ್ ನವಿಲು ಕೈಬಿಟ್ಟಾಯಿತು. ಮೂರು ಮಿಲಿಮೀಟರ್ ಪಟ್ಟಿ ಸುತ್ತುವಾಗ ಫ್ಯಾನ್ ಹಾಕುವ ಹಾಗಿಲ್ಲ, ಬೆಂಗಳೂರಿನ ಈ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರುವ ಹಾಗಿಲ್ಲ. ನವಿಲಿನ ಅರ್ಧ ಗರಿ ಸೋಫಾದ ಕೆಳಗಿದೆ.

ಮೇ 4

ಅತ್ತೆಯವರ ಕಾಲು ತುಳಿಯುವ ಹೊಲಿಗೆ ಮಶೀನು ಹೊರಬಂತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾವಿರ ಚಂದ್ರನಿಗೂ ತೂತು ಹೊಡೆದು ದಾರ ಪೋಣಿಸುವ ಬದಲು ಚಂದ್ರನ ನಡುವೆ ಒಂದೇ ಗೆರೆ ಹೊಲಿಗೆ ಹಾಕಿಕೊಂಡು ಹೋಗುವುದು. ಒಂದು ಮುಗಿದ ಮೇಲೆ ಕಾಗದ ಇಲ್ಲದೆ ಬರೀ ಮೂರು ಹೊಲಿಗೆ ತುಳಿದು, ಮುಂದಿನದನ್ನು ಸೂಜಿಯ ಕೆಳಗೆ ತಳ್ಳುವುದು. ಹೊಲಿಗೆ ಉದ್ದ ನಾಲ್ಕು ಮಿಲಿಮೀಟರ್ ಇಟ್ಟರೆ ನಡುವೆ ಸುಮಾರು ಅರ್ಧ ಇಂಚು ದಾರ ಬಿಡುತ್ತದೆ. ಹೊಲಿಗೆ ಸಣ್ಣದಾದರೆ ಕಾಗದ ಅಂಚೆಚೀಟಿಯ ಹಾಳೆಯಂತೆ ಹರಿಯುತ್ತದೆ (ಮೊದಲ ಸರದಲ್ಲಿ ಆರು ಹರಿದವು). ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ, ಆದ್ದರಿಂದ ಹಳೆ ಸೂಜಿಯೇ ಸಾಕು, ಬಟ್ಟೆ ಹೊಲಿಯುವ ಸೂಜಿಯನ್ನು ಇದಕ್ಕೆ ಹಾಕಬೇಡಿ. ಖಾಲಿ ಹೊಲಿಗೆಯಲ್ಲಿ ದಾರ ಸಿಕ್ಕಾಗದಂತೆ ಎರಡೂ ದಾರವನ್ನು ಹಿಂದಿನಿಂದ ಯಾರಾದರೂ ಮೆಲ್ಲಗೆ ಎಳೆದು ಹಿಡಿದಿರಬೇಕು. ಪುಟ್ಟಿಗೆ ಆ ಕೆಲಸ.

ಸರಕ್ಕೆ 25 ಚಂದ್ರ, ಒಟ್ಟು 40 ಸರ. ಒಂದೊಂದೂ ಐದಡಿ ಚಿಲ್ಲರೆ ಉದ್ದ.

ಹೊಲಿಯುವಾಗ ಪುಟ್ಟಿಗೆ ಹೊಳೆದದ್ದು: ಸರದಲ್ಲಿ ಕ್ರಮ ಇದೆಯಲ್ಲ, ಹಾಗಿದ್ದರೆ ಯಾವ ಚಂದ್ರ ಯಾವ ವರ್ಷದ್ದು ಎಂದು ಹೇಳಬಹುದು! ಅಮ್ಮನಿಗೆ ಫೋನ್ ಹಚ್ಚಿದೆವು. ಅಪ್ಪಯ್ಯನ ಬದುಕಿನ 14 ತಾರೀಖು ಸಿಕ್ಕವು. ಮದುವೆ 1971ರ ಮೇ, ಅದು 332ನೇ ಚಂದ್ರ, ಹದಿನಾಲ್ಕನೇ ಸರ. ಬಾವಿ ತೋಡಿಸಿದ್ದು ಯಾವಾಗ ಎಂಬುದಕ್ಕೆ ಅಮ್ಮನಿಗೂ ಅಣ್ಣನಿಗೂ ಫೋನಲ್ಲೇ ಜಗಳವಾಗಿ, ಬಾವಿ ಬಿಟ್ಟೆವು. ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು ಬಿಟ್ಟದ್ದು 1964, ಅಪ್ಪಯ್ಯನಿಗೆ ಆಗ 20. ಅದು ಹತ್ತನೇ ಸರದ ಕೊನೆಯ ಕಡೆ, 247. ಇವಿಷ್ಟಕ್ಕೆ ಐವರಿ ಕಾರ್ಡು, ಮೇಲೆ ಪೆನ್ಸಿಲಿನಲ್ಲಿ ಇಸವಿ ಮಾತ್ರ. ಬೇರೆ ಏನೂ ಬರೆಯುವುದು ಬೇಡ ಎಂದು ನಾನೇ ಹಟ ಹಿಡಿದೆ. ಪುಟ್ಟಿ ಗ್ಲಿಟರ್ ಹಾಕಲು ಹೊರಟಿದ್ದಳು.

ಮೇ 9

ತಾಳಗುಪ್ಪ ರೈಲಿನಲ್ಲಿ ಸಾಗರಕ್ಕೆ ಬಂದೆವು. ಮೊದಲ ಆರು ಸರ ಚೀಲದಲ್ಲಿ ಸುಮ್ಮನೆ ತುಂಬಿದ್ದು ಜುಂಗಿನ ಹಾಗೆ ಗಂಟಾಗಿತ್ತು, ಬಿಡಿಸಲು ಮಧ್ಯಾಹ್ನ ಇಡೀ ಹೋಯಿತು. ಉಳಿದವನ್ನು ಒಂದೊಂದಾಗಿ ಪೇಪರ್ ಸುರುಳಿಗೆ ಸುತ್ತಿದ್ದೆ, ಅವಕ್ಕೆ ಏನೂ ಆಗಲಿಲ್ಲ. ಅಪ್ಪಯ್ಯನಿಗೆ ಕಾಣದಂತೆ ಅಟ್ಟಕ್ಕೆ ಸೇರಿದವು.

ಈಗ 160 ಡಬ್ಬಿ. ಜಪಾನಿನ ಮಾಸು ಡಬ್ಬಿಯನ್ನೇ ಆರಿಸಿದ್ದೆವು, ಅಂಟು ಬೇಡ, ಕತ್ತರಿ ಬೇಡ. ಎ4 ಹಾಳೆಯನ್ನು 21 ಸೆಂಟಿಮೀಟರ್ ಚೌಕ ಮಾಡಿ ನಾಲ್ಕು ಮೂಲೆ ನಡುವಿಗೆ ಮಡಚಿ, ಆಮೇಲೆ ಎರಡೆರಡು ಅಂಚು ನಡುವಿಗೆ ತಂದು ಬಿಚ್ಚಿ ಎತ್ತಿದರೆ ಸುಮಾರು ಏಳೂವರೆ ಸೆಂಟಿಮೀಟರ್ ಅಗಲ, ಅದರ ಅರ್ಧ ಎತ್ತರದ ಡಬ್ಬಿ. ಅಡಿಭಾಗಕ್ಕೆ ಅರ್ಧ ಸೆಂಟಿಮೀಟರ್ ಚಿಕ್ಕ ಚೌಕ ತೆಗೆದುಕೊಂಡರೆ ಮುಚ್ಚಳ ಬಿಗಿಯಾಗಿ ಕೂರುತ್ತದೆ. ಕಾಗದ ಸ್ವಲ್ಪ ದಪ್ಪ ಇದ್ದರೆ ಖಾಲಿ ರೀಫಿಲ್ಲಿನಿಂದ ಗೆರೆ ಎಳೆದುಕೊಂಡು ಮಡಚಿ, ಮಡಿಕೆ ಒಡೆಯುವುದಿಲ್ಲ.

ಮುಚ್ಚಳ ಸೇರಿ ಒಂದಕ್ಕೆ ಏಳು ನಿಮಿಷ. ಒಳಗೆ ಕಲ್ಲುಸಕ್ಕರೆ, ದ್ರಾಕ್ಷಿ.

ಮೇ 14

64 ಡಬ್ಬಿ ಆಗುವಷ್ಟರಲ್ಲಿ ಮಕ್ಕಳು ಮಾವಿನಮರ ಹತ್ತಿದರು. ನಾನೊಬ್ಬಳೇ ಜಗಲಿಯಲ್ಲಿ ಮಡಚುತ್ತ ಕೂತಿದ್ದೆ. ಕವಳ ಹಾಕಿಕೊಂಡು ಅಪ್ಪಯ್ಯ ಬಂದರು. ಸಕ್ಕರೆಯ ತಟ್ಟೆ ನೋಡಿದರು, ಡಬ್ಬಿ ನೋಡಿದರು.

"ಇದಕ್ಕೆ ಎಷ್ಟು ಹೊತ್ತು?"

"ಏಳು ನಿಮಿಷ, ಅಪ್ಪಯ್ಯ."

"ಗಿರಾಕಿ ಓಡಿಹೋಗ್ತಾನೆ ಮಾರಾಯ್ತಿ."

ಮುಳುಗಡೆಯಾಗಿ ಪೇಟೆಗೆ ಬಂದ ಹೊಸದರಲ್ಲಿ ಅವರು ದೂರದ ಮಾವನ ಜೀನಸಿ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದು ನಮಗೆ ಗೊತ್ತಿತ್ತು. ಪೊಟ್ಟಣ ಕಟ್ಟುವುದನ್ನು ಮಾತ್ರ ನಾನು ಒಮ್ಮೆಯೂ ನೋಡಿರಲಿಲ್ಲ. ಪಕ್ಕದಲ್ಲಿದ್ದ ಪೇಪರಿನ ಅರ್ಧ ಹಾಳೆ ಎಳೆದುಕೊಂಡರು. ನಡುವೆ ಒಂದು ಹಿಡಿ ಕಲ್ಲುಸಕ್ಕರೆ. ಎದುರುಬದುರು ಎರಡು ಅಂಚು ಮೇಲಕ್ಕೆ ತಂದು ಒಟ್ಟಿಗೆ ಹಿಡಿದು ಎರಡು ಸಲ ಕೆಳಕ್ಕೆ ಮಡಚಿದರು. ಒಂದು ತುದಿಯನ್ನು ಎರಡೂ ಕಡೆಯಿಂದ ಮೂಲೆ ಒತ್ತಿ ತ್ರಿಕೋಣ ಮಾಡಿ ಅಡಿಗೆ ತಳ್ಳಿದರು. ನಿಲ್ಲಿಸಿ ನೆಲಕ್ಕೆ ಒಮ್ಮೆ ಕುಟ್ಟಿದರು, ಸಕ್ಕರೆ ಕೂರಲಿಕ್ಕೆ. ಇನ್ನೊಂದು ತುದಿಯೂ ಹಾಗೇ. ದಾರ ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು, ಬೆರಳಿಗೆ ಸುತ್ತಿ ಒಂದು ಜಗ್ಗು. ದಾರ ಪಟ್ಟೆಂದು ತುಂಡಾಯಿತು. ಮುಕ್ಕಾಲು ನಿಮಿಷವೂ ಆಗಿರಲಿಲ್ಲ. ಆ ಬೆರಳುಗಳು ಈಚೆಗೆ ಅಂಗಿಯ ಗುಂಡಿ ಹಾಕಲು ತಡಕಾಡುವುದನ್ನು ನೋಡಿದ್ದೇನೆ.

ಮಕ್ಕಳನ್ನು ಮರದಿಂದ ಇಳಿಸಿದೆ.

ಮೇ 16

ಅಚ್ಚಿನ ಪೇಪರಿನಲ್ಲಿ ತಿನ್ನುವುದನ್ನು ಕಟ್ಟಬಾರದು ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಹೇಳಿದೆ, ಶಾಯಿ ತಿಂಡಿಗೆ ಹತ್ತುತ್ತದೆ. ಹಾಗಾಗಿ ಅಭ್ಯಾಸಕ್ಕೆ ಹಳೆ ಪೇಪರು, ಅದರಲ್ಲಿ ತುಂಬುವುದಕ್ಕೆ ಅಂಗಳದ ಮರಳು. ಖರೆ ಪೊಟ್ಟಣಕ್ಕೆ ನೋಟುಬುಕ್ಕಿಗೆ ಹೊದಿಸುವ ಬ್ರೌನ್ ಪೇಪರು, ಒಳಗೆ ಬಟರ್ ಪೇಪರಿನ ಒಂದು ಪದರ, ಬಿಳಿ ನೂಲು. ಮಾಣಿಯ ಮೊದಲ ಹತ್ತು ಪೊಟ್ಟಣದ ಮರಳು ಜಗಲಿಯ ಮೇಲೇ ಇತ್ತು. ಅಪ್ಪಯ್ಯ ತಪ್ಪು ತೋರಿಸುವುದಿಲ್ಲ, ಬಿಚ್ಚಿ ಮುಂದಕ್ಕೆ ತಳ್ಳುತ್ತಾರೆ, ಅಷ್ಟೇ. ದಾರ ಬೆರಳಿನಿಂದ ತುಂಡು ಮಾಡುವುದು ಮಾತ್ರ ಯಾರಿಗೂ ಬರಲಿಲ್ಲ. ಪುಟ್ಟಿಯ ಬೆರಳಿಗೆ ಬ್ಯಾಂಡೇಜ್ ಇದೆ.

ಉಳಿದ 96ಕ್ಕೆ ಪೊಟ್ಟಣವೇ ಎಂದು ತೀರ್ಮಾನ. ಯಾರ ಶಾಂತಿಯೋ ಅವರ ಕೈಯಲ್ಲೇ ಉಡುಗೊರೆ ಕಟ್ಟಿಸುವುದು ಸರಿಯಾ ಎಂದು ಅಕ್ಕ ಫೋನಲ್ಲಿ ಗೊಣಗಿದಳು. ನೀನೇ ಬಂದು ಬೇಡ ಎನ್ನು ಎಂದೆ.

ಮೇ 20

ಮಳೆ. ಗಾಳಿಯಲ್ಲಿ ಎಷ್ಟು ತೇವವೆಂದರೆ ಡಬ್ಬಿಗಳ ಮುಚ್ಚಳ ಮೆತ್ತಗಾದವು. ಅಕ್ಕಿ ಡಬ್ಬದ ಪಕ್ಕ ಒಲೆಯ ಬಿಸಿ ತಾಗುವ ಕಡೆ ಇಟ್ಟ ಮೇಲೆ ಸರಿಯಾದವು. ಮುಯ್ಯಿಯ ಹಣಕ್ಕೆಂದು ಮೈದಾ ಅಂಟಿನಲ್ಲಿ ಮಾಡಿದ್ದ ಇಪ್ಪತ್ತು ಕವರುಗಳ ಅಂಚನ್ನು ಜಿರಳೆ ತಿಂದಿದೆ. ಹಳೆಯ ಬೈಂಡಿಂಗ್‌ನವರು ಅಂಟಿಗೆ ಮೈಲುತುತ್ತ ಹಾಕುತ್ತಿದ್ದದ್ದು ಇದಕ್ಕೇ, ಆದರೆ ಅದು ವಿಷ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಬಾಗಿಲಿಗೆ ಕಟ್ಟಿದ್ದ ಕ್ರೇಪ್ ಪೇಪರಿನ ಕೆಂಪು ಹೂವು ಎರಚಲಿಗೆ ಬಣ್ಣ ಬಿಟ್ಟು ಅಣ್ಣನ ಹೊಸ ಪಂಚೆಯ ಮೇಲೆ ಇಳಿಯಿತು. ಮಲೆನಾಡಿನಲ್ಲಿ ಮೇ ಅರ್ಧ ದಾಟಿದ ಮೇಲೆ ಕ್ರೇಪ್ ಕಟ್ಟುವುದು ಮೂರ್ಖತನ, ಹುಟ್ಟಿ ಬೆಳೆದ ನನಗೇ ಇದು ಹೊಳೆಯಲಿಲ್ಲ.

ಚಂದ್ರನ ಸರ ಅಂಗಳದ ಬದಲು ಜಗಲಿಯ ಒಳಗೆ, ಅಡ್ಡ ಕಟ್ಟಿದ ಬಿದಿರಿಗೆ.

ಮೇ 25

ನಿನ್ನೆ ಶಾಂತಿ ಮುಗಿಯಿತು. ಬೆಳಗ್ಗೆ ಐದಕ್ಕೆ ಅಪ್ಪಯ್ಯ ಸ್ನಾನಕ್ಕೆ ಹೋದಾಗ ಸರ ಇಳಿಬಿಟ್ಟೆವು. 40 ಸರ, ಗಾಳಿಗೆ ಚಟಚಟ ಸದ್ದು. ಒದ್ದೆ ತಲೆಯಲ್ಲಿ ಬಂದವರು ಮೊದಲ ಸರದಿಂದ ಕೈ ಆಡಿಸುತ್ತ ನಡೆದರು. "ಸಪರಿವಾರ ಸಮೇ" ಎಂದು ಜೋರಾಗಿ ಓದಿ ನಕ್ಕರು. ಹತ್ತನೆಯದಕ್ಕೆ ಬಂದು ಇಸವಿ ನೋಡಿದರು, ಆ ಚಂದ್ರನನ್ನು ತಿರುಗಿಸಿ ಹಿಂದೆ ಏನಾದರೂ ಇದೆಯಾ ಎಂದು ನೋಡಿದರು. ಇರಲಿಲ್ಲ. "ಆ ವರ್ಷ ಅಡಿಕೆ ಹಿಂಗಾರ ಒಳ್ಳೆ ಬಂದಿತ್ತು ತೋಟದಲ್ಲಿ" ಎಂದರು. ಪುರೋಹಿತರು ಕರೆದರು, ಹೋದರು.

ಊಟ ಮುಗಿದ ಮೇಲೆ ತಾಂಬೂಲ ಕೊಡುವ ಕಡೆ ನಾನೇ ನಿಂತಿದ್ದೆ. ಡಬ್ಬಿಯೋ ಪೊಟ್ಟಣವೋ ಎಂದರೆ ಮಕ್ಕಳೆಲ್ಲ ಡಬ್ಬಿ, ಐವತ್ತು ದಾಟಿದವರೆಲ್ಲ ಪೊಟ್ಟಣ. ಒಬ್ಬ ಅಜ್ಜಿ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಕಟ್ಟು ನಮ್ಮ ಅಂಗಡಿಯದ್ದೇ" ಎಂದು ಅಪ್ಪಯ್ಯನ ಕಡೆ ನೋಡಿದರು. ಆ ಅಂಗಡಿಯ ಮಾವನ ಸೊಸೆಯಂತೆ, ನನಗೆ ಗುರುತು ಸಿಗಲಿಲ್ಲ.

ಉಳಿದದ್ದು: ಒಂಬತ್ತು ಡಬ್ಬಿ, ಪೊಟ್ಟಣ ಒಂದೂ ಇಲ್ಲ. ಸರ 37, ಮೂರು ಪಕ್ಕದ ಮನೆಯ ಮಕ್ಕಳ ಜೊತೆ ಹೋದವು. ಹತ್ತನೆಯದೂ ಹದಿನಾಲ್ಕನೆಯದೂ ಅಮ್ಮ ದೇವರ ಕೋಣೆಯ ಬಾಗಿಲಿಗೆ ಕಟ್ಟಿಕೊಂಡಿದ್ದಾರೆ. ಈಗ ಮಧ್ಯಾಹ್ನ ಅಪ್ಪಯ್ಯ ಮಾಣಿಯನ್ನು ಕೂರಿಸಿಕೊಂಡು ಉಳಿದ ಬ್ರೌನ್ ಪೇಪರನ್ನೆಲ್ಲ ಒಂದೇ ಅಳತೆಗೆ ಕತ್ತರಿಸುತ್ತಿದ್ದಾರೆ. ಎಂತಕ್ಕೆ ಎಂದು ಕೇಳಿದೆ. ಶುಂಠಿ ಒಣಗಿಸಿದ್ದು ಇದೆಯಲ್ಲ, ಅಕ್ಕನ ಮನೆಗೆ ಕಳಿಸಬೇಕು ಎಂದರು.