ಪೆಡಲ್ ಬುಡದ ಅಕ್ಷರ

ಗಾಜನೂರಿನಿಂದ ವಾಪಸ್ ಬಂದು ಸೈಕಲ್ ತೊಳೀತಿದ್ವಿ, ನಾನು ಮತ್ತೆ ಭಾವ.
ಮಳೆಗಾಲದ ಕೆಮ್ಮಣ್ಣು ಗೊತ್ತಲ್ಲ, ಒಣಗಿದ್ರೆ ಬ್ರಶ್ಶಿಗೂ ಬಗ್ಗಲ್ಲ. ತಲೆಕೆಳಗಾಗಿ ನಿಲ್ಲಿಸಿ ಬಾಟಮ್ ಬ್ರಾಕೆಟ್, ಅಂದ್ರೆ ಪೆಡಲ್‌ಗಳ ಅಚ್ಚು ಕೂರೋ ಜಾಗದ ಕೆಳಗೆ ಉಜ್ಜಿದೆ. ಸಣ್ಣ ಅಕ್ಷರ ಕಾಣಿಸ್ತು: ಮೇಡ್ ಇನ್ ತೈವಾನ್.
ಭಾವನದ್ದು ಬೇರೆ ಕಂಪನಿ, ಬೇರೆ ಬಣ್ಣ, ಬೆಲೆಯೂ ಬೇರೆ. ಅದರ ಬುಡದಲ್ಲೂ ಅದೇ!

ಜೈಂಟ್, ಮೆರಿಡಾ ಅನ್ನೋ ಸೈಕಲ್ ಕಂಪನಿಗಳು ಎರಡೂ 1972ರಲ್ಲಿ ತೈವಾನ್‌ನಲ್ಲಿ ಶುರುವಾದವು. ಜೈಂಟ್ ಮೊದಲು ಬೇರೆಯವರಿಗೇ ಸೈಕಲ್ ಮಾಡಿಕೊಡ್ತಿತ್ತು, ಅಮೆರಿಕದ ಶ್ವಿನ್‌ಗೂ. ಸ್ವಂತ ಹೆಸರು ಬಂದಿದ್ದು 1981ರಲ್ಲಿ. ಅಮೆರಿಕದ ಸ್ಪೆಷಲೈಸ್ಡ್ ಕಂಪನಿಯಲ್ಲಿ 2001ರಿಂದ ಮೆರಿಡಾದ ದೊಡ್ಡ ಪಾಲಿದೆ. ಡಿಸೈನ್ ಕೂಡ ಹಂಚಿಕೆಯೇ: ಡೇವ್ ವೀಗಲ್ ಅನ್ನೋ ಡಿಸೈನರ್ ರೂಪಿಸಿದ ಡಿಡಬ್ಲ್ಯೂ ಲಿಂಕ್ ಅನ್ನೋ ಹಿಂಚಕ್ರದ ಸಸ್ಪೆನ್ಷನ್ನು ಐಬಿಸ್ ಕಂಪನಿ ಸೈಕಲ್‌ನಲ್ಲೂ ಇದೆ, ಪಿವಟ್ ಕಂಪನಿಯದ್ದರಲ್ಲೂ ಇದೆ.

ಹಾಗಂತ ಎಲ್ಲಾ ಒಂದೇ ಅಂತ ನಾನು ಒಪ್ಪಲ್ಲ. ಒಬ್ಬನೇ ಟೈಲರ್ ಹೊಲಿದರೂ ಬಟ್ಟೆ, ಅಳತೆ ಕೊಟ್ಟೋರದ್ದು. ಕೊಳವೆ ಎಷ್ಟು ದಪ್ಪ, ಮುಂದಿನ ಫೋರ್ಕ್ ಎಷ್ಟು ಓರೆ, ಯಾವ ಪರೀಕ್ಷೆ ಮಾಡಬೇಕು, ಇದೆಲ್ಲ ಆರ್ಡರ್ ಕೊಟ್ಟವರು ಹೇಳಿದ ಹಾಗೆ.

ಆದ್ರೆ ಆ ವೆಲ್ಡಿಂಗ್! ಬೆರಳಲ್ಲಿ ಸವರಿ ನೋಡಿದೆ. ನಮ್ಮ ಮನೆ ಮಾಡಿಗೆ ಹಂಚು ಹೊದಿಸಿದ ಹಾಗೆ, ಒಂದರ ಮೇಲೊಂದು, ಒಂದೂ ತಪ್ಪಿಲ್ಲ. ಇವತ್ತು ಕಲ್ಲಿನ ಇಳಿಜಾರಲ್ಲಿ ನನ್ನ ಭಾರವೆಲ್ಲ ಇದೇ ಗೆರೆ ಮೇಲಿತ್ತು. ಸ್ಟಿಕ್ಕರ್ ಮೇಲಿನ ಹೆಸರು ಇಷ್ಟು ವರ್ಷ ಹೇಳಿಕೊಂಡು ತಿರುಗಿದೆ. ಈ ಬೆಸುಗೆ ಹಾಕಿದವರ ಹೆಸರು ಎಲ್ಲೂ ಬರೆದಿಲ್ಲ.

"ಚೈನಿಗೆ ಎಣ್ಣೆ ಬಿಡು, ಭಾನುವಾರ ಮಂಡಗದ್ದೆ" ಅಂದ್ರು ಭಾವ.